ಎರಡು ಬಾಗಿಲ ಕಲ್ಲುಗೋಡೆ

ಜೆಜು ದ್ವೀಪ
೨೪ ಸೆಪ್ಟೆಂಬರ್ ೨೦೦೯

ಪ್ರೀತಿಯ ಸಾಂಗ್‌ಬೊಮ್ ಮಾವನಿಗೆ,

ನಿಮ್ಮ ಅಕ್ಕನ ಮಗಳು ಮಿಹ್ವಾಳ ನಮಸ್ಕಾರಗಳು. ಮೊದಲು ನನ್ನ ಕಿವಿ ನಾನೇ ಹಿಂಡಿಕೊಳ್ಳುತ್ತೇನೆ. ನೀವು ವಸಂತದಲ್ಲಿ ಒಸಾಕಾದಿಂದ ಬರೆದ ಪತ್ರಕ್ಕೆ ಕಿತ್ತಳೆಕಾಯಿ ಬಲಿಯುವ ಹೊತ್ತಿಗೆ ಉತ್ತರ ಬರೆಯುವವಳು ಬೈಸಿಕೊಳ್ಳಬೇಕಾದವಳೇ. ಬೈಯಿರಿ, ಆದರೆ ಪೂರ್ತಿ ಓದಿದ ಮೇಲೆ. ಬರಿಗೈಯಲ್ಲಿ ಬರೆಯಲು ಮನಸ್ಸು ಬರಲಿಲ್ಲ, ಅದಕ್ಕೇ ತಡವಾಯಿತು.

ನೀವು ಎರಡು ಮಾತು ಕೇಳಿದ್ದಿರಿ. "ನಮ್ಮವ್ವನನ್ನು ಮಣ್ಣು ಮಾಡಿದ ಜಾಗ ಹುಡುಕಿಕೊಡು. ಡಾಕ್ಟರು ಮುಂದಿನ ವರ್ಷದ ಮಾತೇ ಎತ್ತುತ್ತಿಲ್ಲ. ಹೋಗುವ ಮೊದಲು ಅವಳ ಮುಂದೆ ಕೂತು ಒಂದು ಬಟ್ಟಲು ಸೋಜು ಮದ್ಯ ಸುರಿಯಬೇಕು" ಎಂಬುದು ಒಂದು. ಅದರ ಕೆಳಗೆ, ಸಣ್ಣ ಅಕ್ಷರದಲ್ಲಿ, ಅಕ್ಕ ನಿಮ್ಮ ಪತ್ರಗಳಿಗೆ ಒಂದು ಸಾಲೂ ಉತ್ತರ ಬರೆಯಲಿಲ್ಲವೇಕೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸಿಕ್ಕಿದೆ, ಮಾವ. ಅಜ್ಜಿ ಸಿಕ್ಕಿದ್ದಾಳೆ. ಎರಡನೆಯದನ್ನು ಆಮೇಲೆ ನೋಡೋಣ.

ನಿಮಗೆ ಆಶ್ಚರ್ಯವಾಗಬಹುದು, ಇಷ್ಟು ಚಿಕ್ಕ ದ್ವೀಪದಲ್ಲಿ ಹೆತ್ತ ತಾಯಿಯ ಸಮಾಧಿ ಕಳೆದುಹೋಗುವುದಾದರೂ ಹೇಗೆ ಎಂದು. ನನಗೂ ಅದೇ ಹುಳ ತಲೆಯಲ್ಲಿ ಕೊರೆಯುತ್ತಿತ್ತು. ಎಂಟನೇ ತಿಂಗಳ ಅಮಾವಾಸ್ಯೆಯಂದು ದ್ವೀಪವೇ ಕುಡುಗೋಲು ಹಿಡಿದು ಸಮಾಧಿಗಳ ಹುಲ್ಲು ಕೊಯ್ಯಲು ಹೊರಟರೆ, ಅಮ್ಮ ನಮ್ಮನ್ನೆಲ್ಲ ಅಪ್ಪನ ಕಡೆಯವರ ಸಮಾಧಿಗಳಿಗೆ ಕಳಿಸಿ ತಾನೊಬ್ಬಳೇ ಬೆಟ್ಟದ ಕಡೆ ಹೋಗುತ್ತಿದ್ದಳು. ಎಲ್ಲಿಗೆ ಎಂದರೆ, "ಜರಿಗಿಡದ ಕುಡಿ ಕೀಳೋಕೆ" ಎನ್ನುವಳು. ಜರಿಯ ಕುಡಿ ವಸಂತದಲ್ಲಿ ಬರುವುದು ಎಂದು ನಮ್ಮ ಹಿತ್ತಲ ಹಂದಿಗೂ ಗೊತ್ತಿತ್ತು. ಸಂಜೆ ಖಾಲಿ ಬುಟ್ಟಿ ಹೊತ್ತು ಬರುತ್ತಿದ್ದಳು. "ಕುಡಿ ಎಲ್ಲಮ್ಮಾ?" ಎಂದು ಕೇಳಿದ್ದಕ್ಕೆ ಒಮ್ಮೆ ನನ್ನ ತಲೆಗೆ ಮೊಟಕಿದಳು. ನಾಲ್ಕು ವರ್ಷದ ಹಿಂದೆ ಅವಳು ತೀರಿಕೊಂಡಳು, ಆ ದಾರಿಯೂ ಅವಳ ಜೊತೆಗೇ ಹೋಯಿತು. ನೀವು ಹುಟ್ಟಿದ ಊರಂತೂ, ಬಂಡಾಯ ಅಡಗಿಸುತ್ತೇವೆಂದು ಸೈನಿಕರು ಬೆಂಕಿಯಿಟ್ಟ ನಲವತ್ತೆಂಟರ ಆ ಚಳಿಗಾಲದ ನಂತರ ಮತ್ತೆ ಏಳಲಿಲ್ಲ. ಬಿದಿರು ಮೆಳೆ ಎಲ್ಲಿದೆಯೋ ಅಲ್ಲೊಂದು ಮನೆಯಿತ್ತು ಎಂದು ಲೆಕ್ಕ, ಅಷ್ಟೇ.

ಹೀಗಾಗಿ ನಾನು ಭೂದಾಖಲೆಯ ಕಚೇರಿಯ ಮೆಟ್ಟಿಲು ಹತ್ತಿದೆ. ಅಲ್ಲಿನ ಗುಮಾಸ್ತೆ, ಕೋ ಎಂಬ ಹುಡುಗಿ, ಅಜ್ಜಿಯ ಹೆಸರು ಕೇಳಿ ನಕ್ಕಳು.

"ಆ ಕಾಲದಲ್ಲಿ ಹೆಂಗಸರ ಹೆಸರಲ್ಲಿ ಜಮೀನೆಲ್ಲಿರುತ್ತೆ ಟೀಚರ್? ಅಜ್ಜನ ಹೆಸರು ಹೇಳಿ."

ಅಜ್ಜನ ಹೆಸರು ಹೇಳಿದೆ. ಕಡಲು ನುಂಗಿದ ಅಜ್ಜನ ಸಮಾಧಿ ದಂಡೆಯ ಮೇಲಿದೆ, ಅದು ನಮಗೆಲ್ಲ ಗೊತ್ತಿರುವುದೇ. ಆದರೆ ಊರ ಮೇಲಿನ ಹೊಲ ಅವನ ಹೆಸರಿನಲ್ಲಿತ್ತೆಂದು ನನಗೆ ಗೊತ್ತಿರಲಿಲ್ಲ. ಜಪಾನಿಯರ ಕಾಲದ ಅಳತೆಯ ನಕ್ಷೆಯನ್ನು ಅವಳು ಪರದೆಯ ಮೇಲೆ ದೊಡ್ಡದು ಮಾಡಿ ತೋರಿಸಿದಾಗ ನನ್ನ ಮೂಗು ಗಾಜಿಗೆ ತಾಗಿತು. ಆ ಹೊಲದ ಹೊಟ್ಟೆಯೊಳಗೆ ಹುರುಳಿಕಾಳಿನಷ್ಟು ಒಂದು ಚೌಕ. ಅದಕ್ಕೆ ಬೇರೆಯೇ ಒಂದು ನಂಬರು, ಪಕ್ಕದಲ್ಲಿ 'ಸಮಾಧಿ' ಎಂಬ ಅಕ್ಷರ. ಅಜ್ಜಿಗಿಂತ ಮೊದಲೇ ಅಜ್ಜನ ಹೆತ್ತವರಿಗೆಂದು ಬಿಟ್ಟಿದ್ದ ಜಾಗವಂತೆ. ಅವರನ್ನು ಬೇರೆಡೆ ಮಣ್ಣು ಮಾಡಿದ್ದರಿಂದ ಅದು ಅಜ್ಜಿಯ ಪಾಲಿಗೆ ಬಂದಿರಬೇಕು. ಸುತ್ತಲಿನ ಹೊಲ ಮೂನ್ ಎಂಬ ಮನೆತನಕ್ಕೆ ಮಾರಾಟವಾಗಿದೆ. ಕಾಳು ಮಾತ್ರ ಇವತ್ತಿಗೂ ಅಜ್ಜನ ಹೆಸರಿನಲ್ಲೇ ಇದೆ! ನನಗೆ ಕುಣಿಯುವಷ್ಟು ಖುಷಿಯಾಯಿತು.

"ಇನ್ನೇನು, ಹೊಸ ನಕ್ಷೆ ಇದರ ಮೇಲಿಟ್ಟು ನೋಡಿದ್ರಾಯ್ತು" ಎಂದೆ.

"ಅಷ್ಟು ಸುಲಭ ಇಲ್ಲ ಟೀಚರ್. ಹಳೇ ನಕ್ಷೆ ಹೊಸ ನಕ್ಷೆ ಅತ್ತೆ ಸೊಸೆ ಇದ್ದ ಹಾಗೆ. ಒಬ್ಬರು ಹೇಳಿದ್ದು ಇನ್ನೊಬ್ಬರು ಒಪ್ಪಲ್ಲ. ಆಚೀಚೆ ಒಂದು ಹೊಲದಷ್ಟು ಹುಡುಕಬೇಕಾಗುತ್ತೆ."

ಅವಳು ಹೇಳಿದ್ದು ನಿಜವಾಯಿತು. ಹುಲ್ಲು ಕೊಯ್ಯುವ ದಿನ ನಮ್ಮ ಯಜಮಾನರನ್ನು, ಅದೇ ನಿಮ್ಮ ಅಳಿಯನನ್ನೂ, ಅವರ ಹುಲ್ಲು ಕತ್ತರಿಸುವ ಯಂತ್ರವನ್ನೂ ಹೊರಡಿಸಿಕೊಂಡು ಹೋದೆ. ನಕ್ಷೆ ತೋರಿಸಿದ ಕಡೆ ಮುಳ್ಳುಪೊದೆ ಕಡಿದರೆ ನಿಜವಾಗಿಯೂ ಕಲ್ಲುಗೋಡೆ ಸಿಕ್ಕಿತು, ಒಳಗೆ ದಿಬ್ಬವೂ ಇತ್ತು. ಇಬ್ಬರೂ ಬೆವರು ಸುರಿಸಿ ಹುಲ್ಲು ತೆಗೆದೆವು. ಸುಟ್ಟ ಮೀನು, ಮೂಲಂಗಿ ತುಂಬಿದ ದೋಸೆಯ ಸುರುಳಿ, ಸೋಜು ಎಲ್ಲ ಇಟ್ಟು ಅಡ್ಡಬಿದ್ದೆವು. "ಅಜ್ಜೀ, ಇಷ್ಟು ವರ್ಷ ಬರಲಿಲ್ಲ ಅಂತ ಕೋಪ ಮಾಡ್ಕೋಬೇಡ" ಎಂದು ನಾನು ಅತ್ತೂಬಿಟ್ಟೆ. ಎದ್ದು ಕಣ್ಣೊರೆಸಿಕೊಂಡು ನೋಡುತ್ತೇನೆ, ಆತ್ಮ ಹೋಗಿಬರಲು ಗೋಡೆಯಲ್ಲಿ ಬಿಟ್ಟ ಕಂಡಿ ಎಡಗಡೆ ಇದೆ! ಗಂಡಸಿಗಾದರೆ ಎಡಕ್ಕೆ, ಹೆಂಗಸಿಗಾದರೆ ಬಲಕ್ಕೆ ಎಂದು ಹುಟ್ಟಿದಂದಿನಿಂದ ಕೇಳಿದ್ದೇವೆ, ಬೆವರಿನ ಭರದಲ್ಲಿ ಇಬ್ಬರೂ ನೋಡಿರಲಿಲ್ಲ.

"ಒಳ್ಳೇದಾಯ್ತು ಬಿಡು" ಎಂದರು ನಿಮ್ಮ ಅಳಿಯ, ನೆಲಕ್ಕೆ ಕೂತು. "ಪಾಪ, ಯಾರೋ ಮುದುಕ. ಜನ್ಮದಲ್ಲಿ ಅವನಿಗಾಗಿ ಯಾರಾದ್ರೂ ಅತ್ತಿದ್ರೋ ಇಲ್ವೋ. ಇವತ್ತು ಟೀಚರಮ್ಮ ಬಂದು ಅತ್ತಳು."

ನನಗೆ ಎಷ್ಟು ನಾಚಿಕೆಯಾಯಿತೋ ಅಷ್ಟೇ ನಗುವೂ ಬಂತು. ಇಟ್ಟದ್ದನ್ನು ಅವನಿಗೇ ಬಿಟ್ಟು, ಪೊದೆಯಾಚೆ ಕಾಣುತ್ತಿದ್ದ ಕಿತ್ತಳೆ ತೋಟಕ್ಕೆ ನಡೆದೆವು. ಕೇಳಿ ನೋಡೋಣ ಎಂದು ಕೂಗಿದರೆ, ಗಿಡಗಳ ಮಧ್ಯದಿಂದ ಒಬ್ಬ ಮುದುಕಿ ಕುಡುಗೋಲು ಹಿಡಿದೇ ಎದ್ದು ನಿಂತಳು. ಮೂನ್ ವೊಲ್‌ಸನ್, ಎಂಬತ್ತರ ಮೇಲಾಗಿದೆ, ಬೆನ್ನು ಬಾಗಿದೆ, ಬಾಯಿ ಮಾತ್ರ ಬಾಗಿಲ್ಲ.

"ಯಾರ್ ನೀವು? ಕೈಲಿ ನಕ್ಷೆ ಬೇರೆ. ಜಮೀನು ಕೇಳೋಕೆ ಬಂದ್ರಾ? ನಮ್ಮ ಯಜಮಾನ ಹಣ ಕೊಟ್ಟು ತಗೊಂಡಿದ್ದು ಇದು. ಹೋಗಿ ಹೋಗಿ!"

"ಜಮೀನು ಬೇಡ ದೊಡ್ಡಮ್ಮ. ನಮ್ಮಜ್ಜಿ ಬೇಕು" ಎಂದೆ. "ನಾನು ಹ್ಯೊನ್ ಓಕ್‌ಸೆಂಗ್ ಮಗಳು."

ಅಮ್ಮನ ಹೆಸರು ಕೇಳಿದ್ದೇ ಅವಳ ಕುಡುಗೋಲು ಕೆಳಗಿಳಿಯಿತು. ನನ್ನ ಮುಖವನ್ನೇ ನೋಡಿದಳು. "ಮೂಗು ಅವಳದೇ" ಎಂದು ತಿರುಗಿ ನಡೆದಳು. ಹಿಂದೆ ಹೋದೆವು. ತೋಟದ ನಟ್ಟನಡುವೆ, ಹಸಿರು ಕಿತ್ತಳೆಗಳು ತೂಗುವ ಗಿಡಗಳ ಮಧ್ಯೆ, ಒಂದು ಕಲ್ಲುಗೋಡೆ. ಒಳಗಿನ ಹುಲ್ಲು ಆಗಷ್ಟೇ ಕೊಯ್ದದ್ದು, ಇನ್ನೂ ಹಸಿ ವಾಸನೆ ಬರುತ್ತಿತ್ತು. ಬಲಕ್ಕೆ ಕಂಡಿ ಇತ್ತು, ನನ್ನ ಎದೆ ಹಗುರಾಯಿತು. ಆದರೆ ಒಂದು ಸುತ್ತು ಬರುವಷ್ಟರಲ್ಲಿ ಎಡಕ್ಕೂ ಒಂದು ಕಂಡಿ ಕಂಡಿತು! ಆ ಕಡೆಯ ಕಲ್ಲು ಹೊಸದು, ಹಾವಸೆ ಕಡಿಮೆ. ಯಾರೋ ಹಳೆಯ ಗೋಡೆ ಬಿಚ್ಚಿ, ಅಗಲ ಮಾಡಿ, ಮತ್ತೆ ಕಟ್ಟಿದ್ದರು. ಒಳಗೆ ದಿಬ್ಬಗಳೂ ಎರಡು. ಐವತ್ತನಾಲ್ಕು ವರ್ಷ ಈ ಮಣ್ಣಿನಲ್ಲಿ ಬದುಕಿದ್ದೇನೆ ಮಾವ, ಎರಡು ಬಾಗಿಲಿನ ಸಮಾಧಿಗೋಡೆಯನ್ನು ಎಲ್ಲೂ ನೋಡಿರಲಿಲ್ಲ.

ಅವ್ವನ ದಿಬ್ಬಕ್ಕೆ ಬೆನ್ನು ಕೊಟ್ಟು ಕೂತರೆ ಎರಡು ಗುಡ್ಡಗಳ ನಡುವೆ ಕಡಲು ಕಾಣುತ್ತದೆ ಎಂದು ನೀವು ಪತ್ರದಲ್ಲಿ ಬರೆದಿದ್ದಿರಲ್ಲ, ಹಾಗೇ ಕೂತು ನೋಡಿದೆ. ಕಂಡಿತು. ಬಲಗಡೆಯವಳು ನಿಮ್ಮವ್ವನೇ.

"ಇನ್ನೊಂದು ಯಾರದ್ದು ದೊಡ್ಡಮ್ಮ? ಅಜ್ಜನದು ಕಡಲ ಹತ್ರ ಇದೆಯಲ್ಲ?"

"ಅಜ್ಜನದಲ್ಲ ಕಣೇ. ನಿಮ್ಮಮ್ಮನ ತಮ್ಮನದು. ಆ ಗಲಾಟೇಲಿ ಸತ್ತನಲ್ಲ, ಸಾಂಗ್‌ಬೊಮ್, ಅವನದು. ಮೂಳೆ ಸಿಗಲಿಲ್ಲವಂತೆ ಪಾಪ. ಬರೀ ಬಟ್ಟೆ ಇಟ್ಟು ಮಣ್ಣೆಳೆದಳು. ಕಲ್ಲೆಲ್ಲ ತಾನೇ ಹೊತ್ತಳು."

ಎಡದ ದಿಬ್ಬದ ಮುಂದೆ ಮೊಣಕಾಲೆತ್ತರದ ಕಲ್ಲಿತ್ತು. ಬಗ್ಗಿ ನೋಡಿದೆ. ನಿಮ್ಮ ಹೆಸರು.

ನಾನು ಹಾವಸೆ ಕೆರೆದು ಇನ್ನೊಮ್ಮೆ ಓದಿದೆ. ನಿಮ್ಮ ಅಳಿಯನಿಗೆ ಅಷ್ಟು ತಾಳ್ಮೆ ಎಂದೂ ಇಲ್ಲ. "ಅವರು ಸತ್ತಿಲ್ಲ ದೊಡ್ಡಮ್ಮ. ಈ ವಸಂತದಲ್ಲಿ ಪತ್ರ ಬರೆದಿದ್ರು. ಒಸಾಕಾದಲ್ಲಿದ್ದಾರೆ, ಚಪ್ಪಲಿ ಕಾರ್ಖಾನೆ ನಡೆಸ್ತಿದ್ರು" ಎಂದುಬಿಟ್ಟರು.

ಮುದುಕಿ ಗೋಡೆಯ ಮೇಲೆ ಕೂತಳು. ನಿಮ್ಮ ದಿಬ್ಬವನ್ನೊಮ್ಮೆ, ತನ್ನ ಕುಡುಗೋಲನ್ನೊಮ್ಮೆ ನೋಡಿದಳು.

"ಹಾಗಾದ್ರೆ ಇಷ್ಟು ವರ್ಷ ನಾನು ಯಾರ ಹುಲ್ಲು ಕೊಯ್ದೆ?" ಎಂದಳು. "ಅಯ್ಯೋ ಓಕ್‌ಸೆಂಗ್! ಜಮೀನು ಕೊಡುವಾಗ ನನ್ನ ಕೈ ಹಿಡಿದು, ಇಬ್ಬರ ಹುಲ್ಲೂ ಕೊಯ್ತೀನಿ ಅಂತ ಮಾತು ತಗೊಂಡ್ಯಲ್ಲೇ. ಬದುಕಿರೋನಿಗೆ ಕೊಯ್ಸಿದ್ಯಲ್ಲೇ, ಕಳ್ಳಿ!" ಬೈಯುತ್ತ ಬೈಯುತ್ತ ನಗತೊಡಗಿದಳು, ನಗುತ್ತಲೇ ಅತ್ತಳು.

ಅಜ್ಜಿಯ ಮುಂದೆ ಬಾಟಲಿಯಲ್ಲಿ ಉಳಿದಿದ್ದ ಸೋಜು ಸುರಿದೆವು. ನಿಮ್ಮ ದಿಬ್ಬದ ಮುಂದೆ ಏನು ಮಾಡುವುದೆಂದು ಮೂವರಿಗೂ ಗೊತ್ತಾಗಲಿಲ್ಲ. "ಬದುಕಿರೋರ ಸಮಾಧಿಗೆ ಅಡ್ಡಬಿದ್ರೆ ಆಯಸ್ಸು ಹೆಚ್ಚುತ್ತೋ, ಇಳಿಯುತ್ತೋ?" ಎಂದು ನಿಮ್ಮ ಅಳಿಯ ಕೇಳಿದ್ದಕ್ಕೆ, "ಅವನನ್ನೇ ಕೇಳಿ ಆಮೇಲೆ ಬೀಳು" ಎಂದು ಮುದುಕಿ ನಿಮ್ಮ ಪಾಲಿನ ಬಟ್ಟಲನ್ನು ತಾನೇ ಕುಡಿದಳು. ಇಷ್ಟು ವರ್ಷದ ಕೂಲಿ ಅಂತೆ!

ಕೋ ಹುಡುಗಿಗೆ ಫೋನ್ ಮಾಡಿ ತಿಳಿಸಿದೆ, ಅವಳಿಗೂ ಸಂತೋಷ. ಆ ಕಾಳಿನಷ್ಟು ಜಾಗ ಮೊಮ್ಮಕ್ಕಳ ಹೆಸರಿಗೆ ಆಗಬಹುದಂತೆ, ಅದನ್ನು ನಾನು ನೋಡಿಕೊಳ್ಳುತ್ತೇನೆ. ನೀವು ಔಷಧಿ ತಪ್ಪಿಸಬೇಡಿ. ಉಪ್ಪು ಕಮ್ಮಿ ತಿನ್ನಿ. ಡಾಕ್ಟರ ಒಪ್ಪಿಗೆ ತೆಗೆದುಕೊಂಡು, ಚಳಿ ಹಿಡಿಯುವ ಮೊದಲು ಒಂದು ಸಲ ಬನ್ನಿ. ವಿಮಾನ ಇಳಿದಲ್ಲಿಂದ ನಿಮ್ಮನ್ನು ಹೊತ್ತುಕೊಂಡಾದರೂ ಬರುತ್ತೇನೆ ಎಂದು ನಿಮ್ಮ ಅಳಿಯ ಹೇಳುತ್ತಿದ್ದಾರೆ. ಅವರ ಸೊಂಟದ ಭರವಸೆ ನನಗಿಲ್ಲ, ಗಾಲಿಕುರ್ಚಿ ತರಿಸುತ್ತೇನೆ. ದೂರದಿಂದಲೇ ನಮ್ಮೆಲ್ಲರ ತಲೆಯ ಮೇಲೆ ಕೈಯಿಟ್ಟು ಹರಸಿ.

ನಿಮ್ಮ ಅಕ್ಕನ ಮಗಳು,
ಮಿಹ್ವಾ

ಮತ್ತೆ: ಲಕೋಟೆ ಅಂಟಿಸಿದ್ದೆ, ಬಿಡಿಸಿದೆ. ನಿಮ್ಮ ಎರಡನೇ ಮಾತಿಗೆ ಉತ್ತರ ಗೊತ್ತಿದ್ದೂ ಬರೆಯದೆ ಕಳಿಸಲು ಕೈ ಬರಲಿಲ್ಲ.

ಹೊರಡುವಾಗ ವೊಲ್‌ಸನ್ ದೊಡ್ಡಮ್ಮ ನನ್ನ ಮಡಿಲಿಗೆ ಕಿತ್ತಳೆ ತುಂಬುತ್ತ, "ನೀನೇ ತಾನೇ ಮೇಷ್ಟ್ರಾದವಳು?" ಎಂದಳು. "ನಿನಗೆ ಮೇಷ್ಟ್ರ ಕಾಲೇಜಲ್ಲಿ ಸೀಟು ಸಿಕ್ತು ಅಂತ ನಿಮ್ಮಮ್ಮ ಅಕ್ಕಿ ಕಡುಬು ತಂದುಕೊಟ್ಟಳು. ಅದೇ ತಿಂಗಳು ಬಂದು ತಮ್ಮನ ದಿಬ್ಬ ಕಟ್ಟಿದಳು. ಒಳ್ಳೇ ಸುದ್ದಿ ಬಂದ ತಿಂಗಳಲ್ಲಿ ಇದೇನು ಇವಳಿಗೆ ಅಂದ್ಕೊಂಡೆ. ಆಮೇಲೆ ನಿನ್ನ ವಿಚಾರಣೆಗೆ ಪೋಲೀಸರು ಬಂದಾಗ ಅವರನ್ನ ಇಲ್ಲಿಗೇ ಕರ್ಕೊಂಡು ಬಂದಳು. ನೆಲ ಬಡಿದು ಬಡಿದು ಅತ್ತಳು. ಅಂಥ ಅಳು ನಾನು ಎಲ್ಲೂ ಕೇಳಿಲ್ಲ."

ಆಗಿನ ಕಾಲ ನಿಮಗೆ ಗೊತ್ತೇ ಇದೆ, ಜಪಾನಿನಲ್ಲಿ ನೆಂಟರಿದ್ದವರೆಲ್ಲ ಉತ್ತರ ಕೊರಿಯಾದ ಬೇಹುಗಾರರೆಂಬ ಗುಮಾನಿ. ಆ ಗಲಭೆಯಲ್ಲಿ ತಪ್ಪಿಸಿಕೊಂಡು ಜಪಾನಿಗೆ ಹೋದವನ ಅಕ್ಕನ ಮಗಳಿಗೆ ಸರ್ಕಾರಿ ಶಾಲೆಯ ಕೆಲಸ ಕನಸಿನ ಮಾತಾಗಿತ್ತು. ಸತ್ತವನ ಅಕ್ಕನ ಮಗಳಿಗೆ ಯಾರ ಅಡ್ಡಿಯೂ ಇಲ್ಲ. ನಿಮ್ಮ ಪತ್ರಗಳು ಅಮ್ಮನಿಗೆ ತಲುಪಿದ್ದವು, ಮಾವ. ನೀಲಿ ಕಾಗದದ ಮೇಲೆ ಬೆರಳಾಡಿಸುತ್ತ ಅವಳು ಒಲೆ ಮುಂದೆ ಕೂತಿದ್ದನ್ನು ಚಿಕ್ಕವಳಾಗಿದ್ದಾಗ ನೋಡಿದ್ದೇನೆ. ಮೊದಮೊದಲು ಹೆದರಿ ಬರೆಯಲಿಲ್ಲ. ದಿಬ್ಬ ಕಟ್ಟಿದ ಮೇಲೆ ಬರೆಯುವ ಹಾಗೇ ಇರಲಿಲ್ಲ. ಅವಳು ನಿಮ್ಮನ್ನು ಮರೆಯಲಿಲ್ಲ. ನಾನು ಮೇಷ್ಟ್ರಾಗಲಿ ಎಂದು ನಿಮ್ಮನ್ನು ಸಾಯಿಸಿದಳು. ಮೂವತ್ತು ವರ್ಷ ನಾನು ಮಕ್ಕಳಿಗೆ ಅಕ್ಷರ ಕಲಿಸಿದ್ದು ನಿಮ್ಮ ಸಮಾಧಿಯ ಮೇಲೆ ನಿಂತು.

ನಿಮ್ಮ ದಿಬ್ಬದೊಳಗಿರುವುದು ಕಾಯಿರಸದಲ್ಲಿ ಬಣ್ಣ ಕಟ್ಟಿದ ಒಂದು ಕಂದು ಅಂಗಿ ಎಂದಳು ದೊಡ್ಡಮ್ಮ. ಕಳ್ಳದೋಣಿ ಹತ್ತುವ ದಿನ ನೀವು ನಮ್ಮನೆಯಲ್ಲಿ ಬಿಚ್ಚಿಟ್ಟು ಹೋದದ್ದೇ ಇರಬೇಕು. ಗುಂಡಿಯಲ್ಲಿಡುವ ಮೊದಲು ಅಮ್ಮ ಅದನ್ನು ಮೂಗಿಗೆ ಒತ್ತಿಕೊಂಡು ತುಂಬ ಹೊತ್ತು ನಿಂತಿದ್ದಳಂತೆ.

ಬನ್ನಿ, ಮಾವ. ಎಡದ ಬಾಗಿಲು ನಿಮ್ಮದು. ಒಳಗೆ ಹೋಗಿ ನಿಮ್ಮವ್ವನಿಗೆ ಬಟ್ಟಲು ಸುರಿದು, ಅದೇ ಬಾಗಿಲಿಂದ ಹೊರಗೆ ಬನ್ನಿ. ನಾನು ಹೊರಗೆ ನಿಂತಿರುತ್ತೇನೆ. ಆಮೇಲೆ ಮನೆಗೆ ಊಟಕ್ಕೆ ಹೋಗೋಣ.