ನೊರೆ ಇಳಿದ ಮೇಲಿನ ನೀರು

ಲೂಯಿಸ್‌ವಿಲ್, ಟೆಕ್ಸಾಸ್
೧೯ ಆಗಸ್ಟ್ ೨೦೦೧

ಪ್ರೀತಿಯ ಪ್ರಗತಿ,

ನೀನೂ ನಿನ್ನ ಕೂಸೂ ನೂರು ಕಾಲ ಚೆನ್ನಾಗಿರಿ. ಉತ್ತರ ತಡವಾಯಿತೆಂದು ಬೈದುಕೋ, ಮುನಿಸಿಕೊಳ್ಳಬೇಡ. ಈ-ಮೇಲ್ ಟೈಪ್ ಮಾಡಿ ಮಾಡಿ ಅಳಿಸಿದೆ; ಕೊನೆಗೆ ಪೆನ್ನು ಹಿಡಿದೆ.

ಗಂಗೆಪೂಜೆಯ ಫೋಟೋ ನೋಡಿ ನಾನೂ ನಿನ್ನ ಭಾವನೂ ನಕ್ಕಿದ್ದೇ ನಕ್ಕಿದ್ದು. ಬಾಣಂತನಕ್ಕೆಂದು ಮೈಸೂರಿನಿಂದ ಬಂದ ಅಮ್ಮ, ಹ್ಯೂಸ್ಟನ್ನಿನಲ್ಲಿ ಬಾವಿ ಎಲ್ಲಿಂದ ತರುವುದೆಂದು ಸಿಂಕಿನ ನಲ್ಲಿಗೇ ಅರಿಶಿನ ಕುಂಕುಮ ಹಚ್ಚಿಸಿದ್ದಾಳಲ್ಲೇ! ಪೂಜೆಗೆ ಮುಂಚೆ ನನಗೆ ಫೋನ್ ಮಾಡಿ, ಈ ನಲ್ಲಿಗೆ ಯಾವ ನದಿ ಬರುತ್ತದೆ, ಹೆಸರು ಹೇಳದೆ ಹೇಗೆ ಪೂಜೆ ಮಾಡಿಸಲಿ ಎಂದು ಕೇಳಿದ್ದಳು. ಟ್ರಿನಿಟಿ, ನಮ್ಮ ಡಾಲಸ್ ಹಾದೇ ನಿಮ್ಮಲ್ಲಿಗೆ ಬರುವುದು ಎಂದೆ. ಅಕ್ಕನ ಊರಿನ ಗಂಗೆ ತಂಗಿಯ ಮನೆಗೆ ಬರುತ್ತಾಳೆ ಎಂದು ಹಿಗ್ಗಿ ಹೀರೇಕಾಯಿಯಾದಳು.

ಅದರ ಬೆನ್ನಿಗೇ ನಿನ್ನ ಪ್ರಶ್ನೆ ಬಂತು. ನೀನು ಅಲ್ಲಿ ಕೊಳೆನೀರು ಶುದ್ಧಿ ಮಾಡುವ ಪ್ಲಾಂಟಿನ ಲ್ಯಾಬಿನಲ್ಲಿದ್ದೀಯಲ್ಲ ಅಕ್ಕ, ನನ್ನ ಕೂಸು ಸುಮುಖನಿಗೆ ಈ ನೀರು ಕಾಯಿಸಿ ಕೊಡಬಹುದೇ ಎಂದು.

ಏನು ಹೇಳಲಿ ಕಣೇ. ಊರಿನವರ ಬಟ್ಟೆಯ ಸೋಪು, ನೆಲ ಒರೆಸುವ ಕ್ಲೀನರು ಎಲ್ಲ ನಮ್ಮ ಟ್ಯಾಂಕಿಗೆ ಬರುತ್ತದೆ. ಬ್ಯಾಕ್ಟೀರಿಯಾಗಳು ತಿನ್ನುತ್ತವೆ, ನೊರೆ ಇಳಿಯುತ್ತದೆ, ನೀರು ತಿಳಿಯಾಗುತ್ತದೆ. ಬಹುಪಾಲು ಇಲ್ಲವಾಗುವುದು ನಿಜ. ಆದರೆ ಕೆಲವು ಕ್ಲೀನರುಗಳಲ್ಲಿರುವ ಒಂದು ರಾಸಾಯನಿಕವನ್ನು ಅರ್ಧ ತಿಂದು ಬಿಟ್ಟುಬಿಡುತ್ತವೆ. ಉಳಿದ ತುಂಡಿಗೆ ನೋನೈಲ್‌ಫಿನಾಲ್ ಎನ್ನುತ್ತೇವೆ. ಮೂಲಕ್ಕಿಂತ ಅದೇ ಮೊಂಡು. ಒಂದಿಷ್ಟು ಕೆಸರಿಗೆ ಅಂಟಿಕೊಳ್ಳುತ್ತದೆ, ಒಂದಿಷ್ಟು ನದಿಗಿಳಿಯುತ್ತದೆ. ಅದು ಹೆಣ್ಣಿನ ಹಾರ್ಮೋನಿನ ಹಾಗೆ ನಟಿಸಿ, ಗಂಡು ಮೀನಿನ ಮೈಯಲ್ಲಿ ಮೊಟ್ಟೆಯ ಪ್ರೋಟೀನು ಹುಟ್ಟಿಸಿದ್ದನ್ನು ಲ್ಯಾಬುಗಳಲ್ಲಿ ನೋಡಿದ್ದಾರೆ. ಮಳೆಯಿಲ್ಲದ ಇಂಥ ತಿಂಗಳಲ್ಲಿ ಟ್ರಿನಿಟಿಯಲ್ಲಿ ಹರಿಯುವುದು ಹೆಚ್ಚಾಗಿ ನಮ್ಮಂಥ ಪ್ಲಾಂಟುಗಳು ಬಿಟ್ಟ ನೀರೇ. ಅಳೆಯೋಣವೇ ಎಂದು ಸೂಪರ್‌ವೈಸರನ್ನು ಕೇಳಿದೆ. ಒಳ್ಳೆಯ ಮನುಷ್ಯ. ಸರ್ಕಾರ ಇದಕ್ಕೆ ಮಿತಿಯನ್ನೇ ಹಾಕಿಲ್ಲ, ಅಳೆದು ಏನು ಮಾಡುತ್ತೀ ಎಂದ.

ದಾರಿಯುದ್ದಕ್ಕೂ ಬಿಸಿಲು ತಿಂದು, ಕೆರೆಯಲ್ಲಿ ನಿಂತು, ನಿಮ್ಮೂರಿನಲ್ಲಿ ಮತ್ತೆ ಶುದ್ಧಿಯಾದ ಮೇಲೆ ಉಳಿದರೆ ಎಳ್ಳಿನ ಮೊನೆಯಷ್ಟು. ಅಷ್ಟು ಸಾಕೇ ಎಳೆಗೂಸಿಗೆ ಕೆಡುಕಾಗಲು? ಗೊತ್ತಿಲ್ಲ. ಏನೂ ಆಗುವುದಿಲ್ಲ ಎಂದೂ ಗೊತ್ತಿಲ್ಲ. ಕಾಯಿಸಿದರೆ ಕ್ರಿಮಿ ಸಾಯುತ್ತದೆ, ಇದೂ ಹೋಗುತ್ತದೆಂದು ನಂಬಲಾಗದು. ಕೊಡು ಎನ್ನಲು ನನಗೆ ಧೈರ್ಯವಿಲ್ಲ, ಬೇಡ ಎನ್ನಲು ಪುರಾವೆಯಿಲ್ಲ. ಇಷ್ಟು ಓದಿದ ಅಕ್ಕ ಇದ್ದೂ ನಿನಗೆ ಸಿಕ್ಕ ಉತ್ತರ ಇದು. ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ತಣ್ಣೀರಿನಲ್ಲಿ ಕೈಯಾಡಿಸಬೇಡ, ಕಿವಿಗೆ ಹತ್ತಿ ಇಟ್ಟುಕೋ. ಸುಮುಖನಿಗೆ ದೃಷ್ಟಿ ತೆಗೆಸು. ಅವನು ಗಟ್ಟಿಮುಟ್ಟಾಗಿ ಬೆಳೆಯಲಿ.

ನಿನ್ನ ಅಕ್ಕ,
ಇಂದುಮತಿ

ತಾ.ಕ.: ತೊಟ್ಟಿಲಿಗೆ ಹಾಕುವ ದಿನ ಯಾಕೆ ಬರಲಿಲ್ಲ ಎಂದು ನೀನು ಕೇಳಿದ್ದೆ. ರಜೆ ಸಿಗಲಿಲ್ಲ ಎಂದು ನಾನು ಹೇಳಿದ್ದೆ, ರಜೆ ಇತ್ತು. ಹಿಂದಿನ ದಿನ ಅಮ್ಮ ಫೋನಿನಲ್ಲಿ ಹೇಳಿದಳು, "ಊರ ಕೊಳೇಲಿ ಕೈಯಾಡಿಸಿ ಆಡಿಸೀನೇ ಕಣೆ, ನಿನ್ನ ಹೊಟ್ಟೇಲಿ ಎರಡು ಬಸಿರೂ ನಿಲ್ಲಲಿಲ್ಲ. ಶಾಸ್ತ್ರ ಎಲ್ಲ ಮುಗೀಲಿ, ಆಮೇಲೆ ಬಾ. ಈಗ್ಲೇ ಮಗೂನ ಎತ್ಕೋಬೇಡ." ಅದಕ್ಕಲ್ಲ ಅಮ್ಮ ಎನ್ನಲು ಬಾಯಿ ತೆರೆದೆ. ಅದಕ್ಕಲ್ಲ ಎಂದು ನನಗಾದರೂ ಎಲ್ಲಿ ಗೊತ್ತು ಪ್ರಗತಿ. ಸರಿ ಅಮ್ಮ ಎಂದೆ.