ಹನ್ನೊಂದು ಗಂಟೆಯ ನೀರು

ಮಾರ್ಚ್ ೧೪, ಶನಿವಾರ

ಪ್ರೀತಿಯ ಪುಟ್ಟೀ,

ನಿನ್ನ ಕಾಗದ ಬಂದು ಹದಿನೆಂಟು ದಿನವಾಯಿತು. ಉತ್ತರ ತಡವಾಯಿತೆಂದು ಬೈಯಬೇಕಾದರೆ ಪೂರ್ತಿ ಓದಿ ಆಮೇಲೆ ಬೈ. ನಾನು, ನಿನ್ನ ಅಮ್ಮ ಆರೋಗ್ಯವಾಗಿದ್ದೇವೆ. ಹುಷಾರಿಲ್ಲದಿರುವುದು ನೆಲಮಾಳಿಗೆಗೆ ಮಾತ್ರ. ನೀನು ಹೇಳಿದಂತೆ ಇದನ್ನು ನಿನ್ನ ಗೆಳತಿಯ ವಿಳಾಸಕ್ಕೇ ಕಳಿಸುತ್ತಿದ್ದೇನೆ.

"ಅವರು ಕೈ ಎತ್ತುವುದು ಇನ್ನೂ ನಿಂತಿಲ್ಲ, ಮಗುವನ್ನು ಕರೆದುಕೊಂಡು ಬಂದುಬಿಡಲೇ" ಎಂದು ನೀನು ಕೇಳಿದ್ದೆ. ಮೇಲೆ ಇರುವುದು ಒಂದೇ ಕೋಣೆ. ಹಾಗಾಗಿ ಅವತ್ತೇ ನೆಲಮಾಳಿಗೆಯ ಹಳೆಯ ಸಾಮಾನನ್ನೆಲ್ಲ ಹೊರಹಾಕಿದೆ. ಸುಣ್ಣ ಬಳಿಸಿ ನಿನಗೆ ಬಾ ಎಂದು ಬರೆಯೋಣ ಅಂದುಕೊಂಡರೆ ಹಿಂದಿನ ಗೋಡೆಯ ಬುಡದಲ್ಲಿ ತೇವ. ನಾಲ್ಕು ದಿನ ಕಳೆಯುವಷ್ಟರಲ್ಲಿ ಕಾಲ್ಬೆರಳು ಮುಳುಗುವಷ್ಟು ನೀರು. ಅಂಥ ಕಡೆ ಮಗುವನ್ನು ಮಲಗಿಸುವುದು ಹೇಗೆ?

ಮೊದಲು ಅನುಮಾನ ಬಂದದ್ದು ಪಕ್ಕದ ಲಾಂಡ್ರಿಯವನ ಮೇಲೆ. ನಗಬೇಡ. ಮೂವತ್ತೊಂದು ವರ್ಷ ಮನೆಮನೆಯ ನೀರಿನ ಮೀಟರ್ ಓದಿದವನು ನಾನು. ಮೀಟರ್ ಕಾಣಬಾರದೆಂದು ಅದರ ಮೇಲೆ ಹೂಕುಂಡ ಇಟ್ಟು, ಬಾಗಿಲಲ್ಲಿ ನಗುತ್ತ ನಿಂತವರನ್ನು ಎಷ್ಟು ಕಂಡಿಲ್ಲ. ಅವನ ಮೋರಿಯ ಮುಂದೆ ಎರಡು ದಿನ ಕುಕ್ಕರಗಾಲಲ್ಲಿ ಕೂತೆ. "ಯಜಮಾನ್ರೇ, ನನ್ ನೀರಾದ್ರೆ ಸೋಪಿನ ವಾಸನೆ ಬರ್ಬೇಕಲ್ವಾ? ನೀವೇ ಮೂಸಿ ನೋಡಿ" ಎಂದ. ಮೂಸಿದೆ, ವಾಸನೆ ಇರಲಿಲ್ಲ. ಇಷ್ಟು ಸಲೀಸಾಗಿ ಇವನ ಬಾಯಲ್ಲಿ ಉತ್ತರ ಹೇಗೆ ಬಂತು ಎಂದು ಅನುಮಾನ ಇನ್ನೂ ಹೆಚ್ಚಾಯಿತು.

ಆಮೇಲೆ ಪ್ಲಂಬರ್ ಬಂದ. ಗೋಡೆ ತಟ್ಟಿ ನೋಡಿ, "ಪೈಪಲ್ಲಿ ಏನೂ ಇಲ್ಲ ಸಾರ್, ಹೊರಗಡೆ ಮಣ್ಣೇ ನೆನೀತಾ ಇದೆ" ಎಂದ. ಮಳೆಯಿಲ್ಲದೆ ಮಣ್ಣು ಹೇಗೆ ನೆನೆಯುತ್ತದಯ್ಯಾ ಎಂದು ಜಗಳವಾಡಿ ಕಳಿಸಿದೆ. ನಿನ್ನ ಅಮ್ಮನಿಗೆ ಮಾತ್ರ ಯಾವ ಆತುರವೂ ಇರಲಿಲ್ಲ. "ಒಣಗೋವರೆಗೂ ಅವಳು ಅಲ್ಲೇ ಇರ್ಲಿ ಬಿಡಿ. ಅಷ್ಟರಲ್ಲಿ ಎಲ್ಲಾ ಸರಿಹೋಗ್ಬೋದು" ಎಂದಳು.

ದೀಪದ ಬುಡ ಕತ್ತಲೆ ಅನ್ನುವುದು ನನ್ನಂಥವರನ್ನು ನೋಡಿಯೇ. ಊರವರ ಮೀಟರನ್ನೆಲ್ಲ ಓದಿದವನು ನಮ್ಮ ಮನೆಯದರ ಕಡೆ ತಿರುಗಿಯೂ ನೋಡಿರಲಿಲ್ಲ. ಒಂದು ಬೆಳಿಗ್ಗೆ ನಲ್ಲಿಗಳನ್ನೆಲ್ಲ ಮುಚ್ಚಿ ಮೀಟರಿನ ಮುಂದೆ ಕೂತೆ. ಚಕ್ರ ಅಲ್ಲಾಡಲಿಲ್ಲ. ಅಂದರೆ ಸೋರುವುದು ನಮ್ಮದಲ್ಲ. ಆದರೂ ಹಳೆಯ ಚಟ, ಅಂಕಿ ಬರೆದುಕೊಂಡು ಹನ್ನೊಂದಕ್ಕೆ ಎಂದಿನಂತೆ ಪೇಟೆಗೆ ಹೋದೆ. ಹನ್ನೆರಡಕ್ಕೆ ಬಂದು ನೋಡಿದರೆ ಐನೂರು ಲೀಟರ್ ಓಡಿದೆ. ಮಾರನೆಯ ದಿನ ಅರ್ಧ ದಾರಿಯಿಂದಲೇ ಹಿಂತಿರುಗಿದೆ. ಗಿಡಕ್ಕೆ ನೀರು ಬಿಡುವ ಪೈಪಿನ ತುದಿಯನ್ನು ಗೋಡೆಯ ಬುಡದ ಮಣ್ಣಿನಲ್ಲಿ ಗೇಣುದ್ದ ಹೂತಿದ್ದರು. ಹಿತ್ತಲ ನಲ್ಲಿಯ ಪಕ್ಕದಲ್ಲಿ ಮಣೆ ಹಾಕಿಕೊಂಡು ನಿನ್ನ ಅಮ್ಮ ಕೂತಿದ್ದಳು.

ಕೇಳಿದಾಗ ಅವಳು ಏನನ್ನೂ ಮುಚ್ಚಿಡಲಿಲ್ಲ. "ಕೋಣೆ ಒಣಗಿದ್ರೆ ಅವಳು ಬಂದ್ಬಿಡ್ತಾಳೆ ರೀ. ಒಂದ್ಸಲ ಬಂದ್ರೆ ಮತ್ತೆ ವಾಪಸ್ ಹೋಗಲ್ಲ. ನಾನು ಹೊಂದ್ಕೊಂಡು ಬಾಳ್ಲಿಲ್ವಾ?" ಎಂದಳು. ಆ ಕೊನೆಯ ಮಾತು ನನಗೇ ಅಂದದ್ದು. ಹಿತ್ತಲಿಗೆ ಹೋಗಿ ಪೈಪನ್ನು ಮಣ್ಣಿನಿಂದ ಕಿತ್ತೆ.

ಅವಳ ಮೇಲೆ ಸಿಟ್ಟಾಗಬೇಡ ಅನ್ನುವುದಕ್ಕೆ ನನಗೆ ಬಾಯಿಲ್ಲ. ನೆಲ ಒಣಗಲಿ ಎಂದು ಕಾಯಬೇಡ. ಮೇಲಿನ ಕೋಣೆ ನಿನಗೆ, ಮಗುವಿಗೆ, ಅಮ್ಮನಿಗೆ. ಕೆಳಗೆ ಇಟ್ಟಿಗೆಯ ಮೇಲೆ ಹಲಗೆ ಹಾಕಿಕೊಂಡು ನಾನು ಮಲಗುತ್ತೇನೆ. ಕಾಗದ ಕೈಸೇರಿದ ಕೂಡಲೇ ಹೊರಡು. ಮಗುವಿನ ಕೆನ್ನೆಗೆ ತಾತನ ಮುತ್ತು. ನಿಮ್ಮಿಬ್ಬರ ಹೊಟ್ಟೆ ತಣ್ಣಗಿರಲಿ.

ನಿನ್ನ
ಅಪ್ಪ

ಈ ಕಾಗದದಲ್ಲಿ ಬರೆಯದೆ ಬಿಟ್ಟದ್ದು: ನಾನು ಅಮ್ಮನನ್ನು ಕೇಳಿದ್ದು ನಿನ್ನೆ. ಪೈಪು ಕಂಡದ್ದು ಹೋದ ವಾರದ ಗುರುವಾರ, ಐದನೇ ತಾರೀಖು. ಅವತ್ತು ಅವಳು ನನ್ನನ್ನು ನೋಡಲಿಲ್ಲ. ಸದ್ದಿಲ್ಲದೆ ಪೇಟೆಗೆ ಹೋಗಿ ಹನ್ನೆರಡಕ್ಕೆ ಬಂದೆ. ಆಮೇಲೆ ಒಂದು ವಾರ ದಿನವೂ ಹನ್ನೊಂದಕ್ಕೆ ಸರಿಯಾಗಿ ಮನೆ ಬಿಟ್ಟೆ. ಅಷ್ಟರಲ್ಲಿ ಅಲ್ಲಿ ಸರಿಹೋಗಬಹುದು ಎಂದು ನಾನೂ ಅಂದುಕೊಂಡೆ ಮಗಳೇ. ನಿನ್ನೆ ನಿನ್ನ ಎರಡನೆಯ ಕಾಗದ ಬಂತು. ಅಕ್ಷರ ನಿನ್ನ ಗೆಳತಿಯದು. ಬುಧವಾರ ಮೆಟ್ಟಿಲಿನಿಂದ ಬಿದ್ದು ಬಲಗೈ ಮುರಿಯಿತು ಎಂದು ಬರೆಸಿದ್ದೀಯ. ನಾನು ನಂಬಲಿಲ್ಲ. ಪೈಪು ಕಂಡ ಆ ಗುರುವಾರವೇ ಬಾ ಎಂದು ಬರೆದಿದ್ದರೆ ಈ ಬುಧವಾರ ನೀನು ಇಲ್ಲಿರುತ್ತಿದ್ದೆ.