ದೊಡ್ಡ ಸರ್ ಮುಚ್ಚಿಟ್ಟ ಫೋಲ್ಡರ್

ಮಾರ್ಚ್ ೧೪, ಗುರುವಾರ

ಸ್ಟುಡಿಯೋಗೆ ಹೊಸ ಪ್ಲೇಯರ್ ಬಂದು ಮೂರು ದಿನವಾಯಿತು. ಎಲ್ಲರ ಕಂಪ್ಯೂಟರಿಗೂ ಸಿಗುವ ನೆಟ್‌ವರ್ಕ್ ಡ್ರೈವ್‌ನಲ್ಲಿರುವ ಎಲ್ಲ ರೆಕಾರ್ಡಿಂಗನ್ನೂ ಅದು ಕೇಳಿಸುತ್ತದೆ, ನನಗೆ ಕೆಲಸ ಕಲಿಸಿದ ದೊಡ್ಡ ಸರ್ ಅವರ ಫೋಲ್ಡರ್ ಒಂದನ್ನು ಬಿಟ್ಟು. ಸರ್ ನಿವೃತ್ತರಾಗಿ ಆರು ವರ್ಷವಾದರೂ ಅದನ್ನು ತೆರೆಯುವ ಅನುಮತಿ ಅವರೊಬ್ಬರಿಗೇ ಇತ್ತು. "ನಾಳೆಯೊಳಗೆ ಸರಿಹೋಗದಿದ್ರೆ ಅಳಿಸಿ ಬಿಸಾಕಿ" ಅಂದರು ಮ್ಯಾನೇಜರ್. ಅನುಮತಿ ಬದಲಿಸುವ ಅಧಿಕಾರ ಈಗ ನನ್ನದೇ. ಆದರೂ ಕೇಳದೆ ಅವರ ಡ್ರಾಯರ್ ಎಳೆದಷ್ಟು ಮುಜುಗರವಾಯಿತು.

ಮಧ್ಯಾಹ್ನ ಆ ಫೋಲ್ಡರ್ ತೆರೆಯಲು ಪ್ಲೇಯರ್‌ಗೆ ಅನುಮತಿ ಕೊಟ್ಟೆ. ಸ್ಪೀಕರಿನಿಂದ ಬಂದದ್ದು ನನ್ನದೇ ದನಿ! ಕೆಲಸಕ್ಕೆ ಸೇರಿದ ಮೊದಲ ವಾರ ಓದಿದ ಮಕ್ಕಳ ಕಥೆ. ಸಾಲಿಗೊಮ್ಮೆ ತಡವರಿಸಿದ್ದೇನೆ. ಹಿಂದಿನಿಂದ ಸರ್, "ಗಾಬರಿ ಯಾಕಮ್ಮ? ಉಸಿರು ತಗೊಂಡು ಮತ್ತೆ ಶುರು ಮಾಡು" ಅನ್ನುತ್ತಾರೆ. ಆಮೇಲೆ ಅವರ ಕುರ್ಚಿ ಕಿರ್ ಅನ್ನುತ್ತದೆ. ಇಪ್ಪತ್ತು ವರ್ಷ ಹಿಂದಿನ ಆ ಕೋಣೆ ಪೂರ್ತಿ ಕಣ್ಣ ಮುಂದೆ ಬಂತು.

ಸರ್‌ಗೆ ಫೋನ್ ಮಾಡಿದೆ. "ಇದನ್ನ ಯಾಕೆ ಸರ್ ನನ್ನಿಂದ ಮುಚ್ಚಿಟ್ರಿ?"

"ನಿನ್ನ ಕೈಗೆ ಸಿಕ್ಕಿದ್ರೆ ನಾಚಿಕೆಗೆ ನೀನು ಅಳಿಸಿಬಿಡ್ತಿದ್ದೆ" ಅಂತ ನಕ್ಕರು. ದನಿ ಬಹಳ ಸಣ್ಣಗಾಗಿದೆ.

ಅಳಿಸುತ್ತಿದ್ದೆ, ನಿಜ. ಸಂಜೆ ಆ ಫೋಲ್ಡರಿಗೆ ಅನುಮತಿಯ ಹೊಸ ಪಟ್ಟಿ ಮಾಡಿದೆ. ಎಲ್ಲರೂ ಕೇಳಬಹುದು, ಅಳಿಸುವ ಹಕ್ಕು ನನಗೂ ಇಲ್ಲ. ನಿಯಮದ ಪ್ರಕಾರ ನಿವೃತ್ತರಾದ ಸರ್ ಹೆಸರು ಪಟ್ಟಿಯಿಂದ ತೆಗೆಯಬೇಕಿತ್ತು. ಕೈ ಏಳಲಿಲ್ಲ. ಯಾಕೆ ತೆಗೆದಿಲ್ಲ ಅಂತ ಯಾರಾದರೂ ಕೇಳಿದರೆ ಮರೆತೆ ಅಂತೀನಿ. ಯಾರು ಕೇಳ್ತಾರೆ, ಸರ್ ದನಿ ಗೊತ್ತಿರುವವಳು ಈಗ ಸ್ಟುಡಿಯೋದಲ್ಲಿ ನಾನೊಬ್ಬಳೇ…